ವಿಮಾನ ನಿಲ್ದಾಣದ ದಾರಿ ಮತ್ತು 812 ಮರಗಳು



2008ರ ಮೇ ತಿಂಗಳಲ್ಲಿ ಬೆಂಗಳೂರಿನ ವಿಮಾನ ಸಂಚಾರವು ಎಚ್‌ಎಎಲ್ ನಿಲ್ದಾಣದಿಂದ ದೇವನಹಳ್ಳಿಯ ಬಳಿಗೆ ಸ್ಥಳಾಂತರಗೊಂಡಿತು. ಅಲ್ಲಿಂದ ನಗರದ ನಡುಭಾಗಕ್ಕೆ ಸುಮಾರು 35 ಕಿ.ಮೀ. ಈ ದೂರವನ್ನು ಬೇಗ ಕ್ರಮಿಸಲೆಂದು 2016ರಲ್ಲಿ ಸರ್ಕಾರವು ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿ.ಮೀ. ಉದ್ದದ ಉಕ್ಕಿನ ಮೇಲ್ಸೇತುವೆಯನ್ನು ಯೋಜಿಸಿತು. ಅದಕ್ಕೆ ಬಲಿಯಾಗಬೇಕಿದ್ದವು 812 ಮರಗಳು. ಆ ಅಕ್ಟೋಬರಿನಲ್ಲಿ ನಾಗರಿಕರು ಮಾನವ ಸರಪಳಿಯಾಗಿ ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರವು ಯೋಜನೆಯನ್ನು ಕೈಬಿಟ್ಟಿತು.

ಆದರೆ ನಿಲ್ದಾಣದ ಸಮೀಪದಲ್ಲಿಯೇ ಯಲಹಂಕ–ಚಿಕ್ಕಬಳ್ಳಾಪುರ ರೈಲುಮಾರ್ಗವು ಮೊದಲಿನಿಂದಲೂ ಇತ್ತು. ಅಲ್ಲಿ ರೈಲು ನಿಲ್ಲಲು ಪುಟ್ಟ ತಂಗುದಾಣವೊಂದು ತೆರೆದದ್ದು 2021ರ ಜನವರಿಯಲ್ಲಿ!

ಮಲೆನಾಡಿಗೂ ರಸ್ತೆಯ ನಕ್ಷೆಗಳು ಬರುತ್ತವೆ. ಕೊಡಲಿ ಎತ್ತುವ ಮುನ್ನ ಗ್ರಾಮಸಭೆಯು ಕೇಳಬೇಕಾದ ಪ್ರಶ್ನೆ ಒಂದೇ: ಇರುವ ದಾರಿಯನ್ನು ಪೂರ್ಣವಾಗಿ ಬಳಸಿಕೊಂಡಾಯಿತೇ?