ಪ್ಲೇಟ್‌ಲೆಟ್ ಹೆಚ್ಚಾದರೆ ಏನರ್ಥ?

ಪ್ಲೇಟ್‌ಲೆಟ್ ಎಂದೊಡನೆ ನೆನಪಾಗುವುದು ಡೆಂಗ್ಯು ಜ್ವರ, ಅವು ಕಡಿಮೆಯಾದವೆಂಬ ಆತಂಕ. ಆದರೆ ಮಗುವಿನ ರಕ್ತಪರೀಕ್ಷೆಯಲ್ಲಿ ಅವು ಹೆಚ್ಚಾಗಿ ಕಂಡರೆ?

ರಕ್ತ ಹೆಪ್ಪುಗಟ್ಟಲು ನೆರವಾಗುವ ಈ ಕಣಗಳು ಅಸ್ಥಿಮಜ್ಜೆಯಲ್ಲಿ ಹುಟ್ಟಿ, 7ರಿಂದ 10 ದಿನ ಬದುಕುತ್ತವೆ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಾಮಾನ್ಯವಾಗಿ 1.5 ಲಕ್ಷದಿಂದ 4.5 ಲಕ್ಷದವರೆಗೆ ಇರುತ್ತವೆ. ಮಕ್ಕಳಲ್ಲಿ ಈ ಎಣಿಕೆ ಏರಿದಾಗ, ಬಹುಪಾಲು ಸಂದರ್ಭಗಳಲ್ಲಿ ದೋಷ ಮಜ್ಜೆಯದಲ್ಲ. ಸೋಂಕು ತಗುಲಿದಾಗ ಹೊರಡುವ ರಾಸಾಯನಿಕ ಸಂದೇಶದಿಂದ ಯಕೃತ್ತು ಥ್ರಾಂಬೊಪೊಯೆಟಿನ್ ಎಂಬ ಹಾರ್ಮೋನನ್ನು ಹೆಚ್ಚು ತಯಾರಿಸುತ್ತದೆ. ಅದರ ಪ್ರಚೋದನೆಯಿಂದ ಮಜ್ಜೆ ಹೆಚ್ಚು ಪ್ಲೇಟ್‌ಲೆಟ್‌ಗಳನ್ನು ಉತ್ಪಾದಿಸುತ್ತದೆ. ಸೋಂಕು ವಾಸಿಯಾದ ಕೆಲವು ವಾರಗಳಲ್ಲಿ ಎಣಿಕೆ ತಾನಾಗಿ ಇಳಿಯುತ್ತದೆ.

ವೈದ್ಯರು ಕಾರಣವನ್ನು ಹುಡುಕುವುದು ಹೇಗೆ? ಮೊದಲು ಗಾಜಿನ ಪಟ್ಟಿಯ ಮೇಲೆ ರಕ್ತವನ್ನು ಲೇಪಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಏಕೆಂದರೆ ಒಡೆದ ಕೆಂಪು ರಕ್ತಕಣಗಳ ಚೂರುಗಳನ್ನೂ ಯಂತ್ರ ಪ್ಲೇಟ್‌ಲೆಟ್ ಎಂದೇ ಎಣಿಸಿರಬಹುದು. ಅನಂತರ ವಿಚಾರಣೆ: ಈಚೆಗೆ ನ್ಯುಮೋನಿಯಾ ಬಂದಿತ್ತೇ? ಶಸ್ತ್ರಚಿಕಿತ್ಸೆಯಾಗಿತ್ತೇ? ಗುಲ್ಮವನ್ನು ತೆಗೆದಿದ್ದಾರೆಯೇ? ಮಗು ಬಿಳಿಚಿಕೊಂಡಿದ್ದರೆ ಕಬ್ಬಿಣದ ಕೊರತೆಯ ಶಂಕೆ. ಇದಕ್ಕೆ ಫೆರಿಟಿನ್ ಪರೀಕ್ಷೆಯುಂಟು. ಆದರೆ ಉರಿಯೂತವಿದ್ದಾಗ ಫೆರಿಟಿನ್ ಏರಿ ಕೊರತೆಯನ್ನು ಮರೆಮಾಡಬಲ್ಲದು. ಆದ್ದರಿಂದ ಉರಿಯೂತವನ್ನು ಸೂಚಿಸುವ ಸಿ.ಆರ್.ಪಿ. ಪರೀಕ್ಷೆಯನ್ನೂ ಜೊತೆಗೆ ಮಾಡಿಸುತ್ತಾರೆ.

ಒಂದು ಕಾಯಿಲೆಯ ವಿಷಯದಲ್ಲಿ ಮಾತ್ರ ಕಾಯುವಂತಿಲ್ಲ. ಜಪಾನಿನ ವೈದ್ಯ ತೊಮಿಸಾಕು ಕವಾಸಾಕಿ 1967ರಲ್ಲಿ ವಿವರಿಸಿದ ಕಾಯಿಲೆ ಅದು. ಐದು ದಿನ ಅಥವಾ ಹೆಚ್ಚು ಕಾಲ ಬಿಡದ ಜ್ವರ, ಕೆಂಪಾದ ಕಣ್ಣು, ಒಡೆದ ತುಟಿ, ಮೈಮೇಲೆ ಕೆಂಪು ದದ್ದು, ಊದಿದ ಕೈಕಾಲು ಇದರ ಲಕ್ಷಣಗಳು. ಚಿಕಿತ್ಸೆ ಸಿಗದಿದ್ದರೆ ಸುಮಾರು ನಾಲ್ಕು ಮಕ್ಕಳಲ್ಲಿ ಒಂದು ಮಗುವಿಗೆ ಹೃದಯದ ರಕ್ತನಾಳ ಉಬ್ಬಿಕೊಳ್ಳಬಹುದು. ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದನ್ನು ಜ್ವರ ಬಂದ ಹತ್ತು ದಿನಗಳೊಳಗೆ ಕೊಟ್ಟರೆ ಅಪಾಯ ಬಹಳ ತಗ್ಗುತ್ತದೆ. ತೊಡಕೆಂದರೆ, ಇಲ್ಲಿ ಪ್ಲೇಟ್‌ಲೆಟ್ ಏರುವುದು ಸಾಮಾನ್ಯವಾಗಿ ಎರಡನೆಯ ವಾರದಲ್ಲಿ. ಮೊದಲ ವಾರದ ವರದಿ ಸರಿಯಾಗಿದೆಯೆಂದು ಸುಮ್ಮನೆ ಕುಳಿತರೆ ಅಮೂಲ್ಯ ದಿನಗಳು ಕಳೆದುಹೋಗುತ್ತವೆ.

ಮಜ್ಜೆಯೇ ಹತೋಟಿ ತಪ್ಪುವ ಕಾಯಿಲೆ ಮಕ್ಕಳಲ್ಲಿ ಅತಿ ವಿರಳ. ಕಾರಣವೇ ಕಾಣದೆ ತಿಂಗಳುಗಟ್ಟಲೆ ಎಣಿಕೆ ಇಳಿಯದಿದ್ದಾಗ, 2005ರಲ್ಲಿ ಪತ್ತೆಯಾದ ಜಾಕ್-2 ಉತ್ಪರಿವರ್ತನೆಯಂಥ ಜೀನ್ ದೋಷಗಳಿಗಾಗಿ ಪರೀಕ್ಷಿಸುತ್ತಾರೆ.

ಆದ್ದರಿಂದ ವರದಿಯಲ್ಲಿ ಎಣಿಕೆ ಹೆಚ್ಚಿದೆಯೆಂದು ಗಾಬರಿ ಬೇಡ. ಜ್ವರ ಬಿಡದ ಮಗುವನ್ನು ವೈದ್ಯರಿಗೆ ತೋರಿಸಲು ವಿಳಂಬವೂ ಬೇಡ.