ವಿಮಾನ ಚಾಲಕರ ಹಿರಿತನದ ವ್ಯಾಜ್ಯ

‘ತಿಂಗಳಿಗೆ ಲಕ್ಷಗಟ್ಟಲೆ ಎಣಿಸಿಕೊಳ್ಳುವವರಿಗೂ ಮುಷ್ಕರವೇ?’ ವಿಮಾನ ಚಾಲಕರು ಕೆಲಸ ನಿಲ್ಲಿಸಿದರೆಂಬ ಸುದ್ದಿ ಬಂದಾಗಲೆಲ್ಲ ನಮ್ಮ ಸಂಗನಕಲ್ಲಿನ ಕಟ್ಟೆಯ ಮೇಲೆ ಈ ಪ್ರಶ್ನೆ ಏಳುತ್ತದೆ. ಏಳುವುದು ಸಹಜವೇ. ಆದರೆ ಆ ಜಗಳದ ಬೇರು ಹಣದಲ್ಲಿರುವುದಕ್ಕಿಂತ ಹೆಚ್ಚಾಗಿ ಒಂದು ಪಟ್ಟಿಯಲ್ಲಿದೆ. ಅದೇ ಸೇವಾಜ್ಯೇಷ್ಠತೆಯ ಪಟ್ಟಿ.

ಬಳ್ಳಾರಿ ಸೀಮೆಯವರಾದ ನಿಮಗೆ ಈ ಪಟ್ಟಿಯ ಮಹಿಮೆಯನ್ನು ಹೇಳಿಕೊಡಬೇಕಾಗಿಲ್ಲ. 1953ರ ಅಕ್ಟೋಬರ್ 1ರಂದು ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರನ್ನು ಸೇರಿತು. 1956ರಲ್ಲಿ ಮುಂಬಯಿ, ಹೈದರಾಬಾದು, ಕೊಡಗು, ದಕ್ಷಿಣ ಕನ್ನಡಗಳ ಕಡೆಯವರೂ ಬಂದು ಕೂಡಿದರು. ಆ ಕಡೆಯ ಗುಮಾಸ್ತ ಹಿರಿಯನೋ ಈ ಕಡೆಯ ಗುಮಾಸ್ತ ಹಿರಿಯನೋ ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಅದೇ 1953ರ ಆಗಸ್ಟ್ 1ರಂದು ಹಲವು ಖಾಸಗಿ ಸಂಸ್ಥೆಗಳನ್ನು ಕೂಡಿಸಿ ಇಂಡಿಯನ್ ಏರ್‌ಲೈನ್ಸನ್ನು ಕಟ್ಟಲಾಯಿತೆಂಬುದು ಒಂದು ಸ್ವಾರಸ್ಯ.

ವಿಮಾನದಲ್ಲಿ ಎಡಗಡೆಯ ಆಸನ ಕ್ಯಾಪ್ಟನ್ನರದು, ಬಲಗಡೆಯದು ಸಹಚಾಲಕರದು. ನಡುವೆ ಇರುವ ಅಂತರ ಒಂದು ಮಾರೂ ಇಲ್ಲ. ದಾಟುವುದಕ್ಕೆ ಮಾತ್ರ ಹಲವು ವರ್ಷಗಳು ಬೇಕು. ಯಾವಾಗ ದಾಟುವುದು, ಯಾವ ಬಗೆಯ ವಿಮಾನದ ತರಬೇತಿ ದೊರೆಯುವುದು ಎಂಬುದೆಲ್ಲ ಬಹುಮಟ್ಟಿಗೆ ಪಟ್ಟಿಯಲ್ಲಿ ಹೆಸರು ಎಲ್ಲಿದೆ ಎಂಬುದನ್ನೇ ಅವಲಂಬಿಸಿದೆ. ಸಂಸ್ಥೆಯನ್ನು ಬದಲಿಸಿದವರು ಸಾಮಾನ್ಯವಾಗಿ ಹೊಸ ಪಟ್ಟಿಯ ಬಾಲದಲ್ಲಿಯೇ ನಿಲ್ಲಬೇಕು.

2007ರಲ್ಲಿ ಸರಕಾರವು ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸುಗಳನ್ನು ಒಂದುಗೂಡಿಸಿತು. ಹೆಸರು ಒಂದಾಯಿತು, ಚಾಲಕರು ಒಂದಾಗಲಿಲ್ಲ. 2011ರಲ್ಲಿ ಇಂಡಿಯನ್ ಏರ್‌ಲೈನ್ಸಿನಿಂದ ಬಂದವರು ಸಮಾನ ವೇತನಕ್ಕಾಗಿ ಮುಷ್ಕರ ಹೂಡಿದರು. ಮರುವರ್ಷ ಹಳೆಯ ಏರ್ ಇಂಡಿಯಾದವರ ಸರದಿ. ಹೊಸ ಡ್ರೀಮ್‌ಲೈನರ್ ವಿಮಾನಗಳ ತರಬೇತಿಯನ್ನು ಎರಡು ಕಡೆಯವರಿಗೂ ಹಂಚಿದರೆ ತಮ್ಮ ಬಡ್ತಿ ಹಿಂದೆ ಬೀಳುವುದೆಂಬುದು ಅವರ ಅಂಜಿಕೆ. ಆ ಮುಷ್ಕರ 58 ದಿನ ನಡೆಯಿತು. ದೆಹಲಿ ಹೈಕೋರ್ಟು ತಡೆಯಾಜ್ಞೆ ಕೊಟ್ಟಿತು; ಆಡಳಿತವರ್ಗವು ಸಂಘದ ಮಾನ್ಯತೆಯನ್ನು ಕಿತ್ತುಕೊಂಡು ಅನೇಕರನ್ನು ವಜಾಮಾಡಿತು. ಪ್ರಯಾಣಿಕರು ಪಟ್ಟ ಪಾಡನ್ನು ನಾನು ಲಘುವಾಗಿ ಕಾಣುವುದಿಲ್ಲ. ಆದರೂ ಮದುವೆ ಮಾಡಿಸಿ, ಮನೆಯಲ್ಲಿ ಒಲೆಗಳನ್ನು ಮಾತ್ರ ಎರಡಾಗಿಯೇ ಉಳಿಸಿದ ಹಿರಿಯರ ಪಾಲು ಈ ಜಗಳದಲ್ಲಿ ಹೆಚ್ಚೆಂದೇ ನನಗೆ ತೋರುತ್ತದೆ.

ಜಗಳದ ಇನ್ನೊಂದು ಮುಖ ವಿಶ್ರಾಂತಿ. ಇದು ನಮ್ಮ ಪ್ರಾಣಕ್ಕೆ ತಾಗುವ ಮಾತು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನವು ಮಂಗಳೂರಿನಲ್ಲಿ ಓಟದ ಹಾದಿಯನ್ನು ಮೀರಿ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡರು. ಬದುಕಿದವರು 8 ಮಂದಿ. ಕ್ಯಾಪ್ಟನ್ನರು ರಾತ್ರಿಯ ಆ ಹಾರಾಟದಲ್ಲಿ ಬಹುಹೊತ್ತು ನಿದ್ರಿಸಿದ್ದರೆಂದೂ, ಎದ್ದ ಬಳಿಕದ ಮಂಪರು ಅವರ ನಿರ್ಣಯಶಕ್ತಿಯನ್ನು ಕುಂದಿಸಿರಬಹುದೆಂದೂ ತನಿಖಾ ನ್ಯಾಯಾಲಯ ಹೇಳಿತು. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಬೇಕೆಂದು ಸಹಚಾಲಕರು ಮೂರು ಸಲ ಎಚ್ಚರಿಸಿದ್ದರು. ಎಡಗಡೆಯ ಆಸನ ಕೇಳಲಿಲ್ಲ.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2024ರ ಜನವರಿಯಲ್ಲಿ ಹೊಸ ನಿಯಮಗಳನ್ನು ಪ್ರಕಟಿಸಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು. ರಾತ್ರಿಯ ಹೊತ್ತು ವಿಮಾನ ಇಳಿಸುವ ಮಿತಿ 6ರಿಂದ 2ಕ್ಕೆ ಇಳಿಯಿತು. ಹೆಚ್ಚು ಚಾಲಕರು ಬೇಕಾಗುವುದೆಂದು ಸಂಸ್ಥೆಗಳು ಆಕ್ಷೇಪಿಸಿದುವು. ಚಾಲಕರ ಸಂಘಗಳು ನ್ಯಾಯಾಲಯದ ಬಾಗಿಲು ತಟ್ಟಿದುವು. ಕೊನೆಗೆ 2025ರ ಜುಲೈ ಮತ್ತು ನವೆಂಬರ್ ತಿಂಗಳುಗಳಲ್ಲಿ ಎರಡು ಕಂತುಗಳಾಗಿ ನಿಯಮಗಳು ಜಾರಿಗೆ ಬಂದುವು. ಸುಮಾರು ಎರಡು ವರ್ಷದ ಕಾಲಾವಕಾಶವಿದ್ದರೂ ಇಂಡಿಗೊ ಸಂಸ್ಥೆಯಲ್ಲಿ ಚಾಲಕರು ಸಾಲದೆ, ಆ ಡಿಸೆಂಬರಿನಲ್ಲಿ ಸಾವಿರಾರು ಹಾರಾಟಗಳು ರದ್ದಾದುವು. ಬೆಂಗಳೂರಿನ ನಿಲ್ದಾಣದಲ್ಲಿ ಜನ ಗಂಟುಮೂಟೆಗಳೊಡನೆ ಕಾದು ಕುಳಿತರು. ಆಗ ಆ ಸಂಸ್ಥೆಗೆ ರಾತ್ರಿಯ ನಿಯಮಗಳಿಂದ 2026ರ ಫೆಬ್ರವರಿ 10ರ ವರೆಗೆ ವಿನಾಯಿತಿ ದೊರೆಯಿತು. ಸಿದ್ಧವಾಗದಿದ್ದುದು ಆಡಳಿತವರ್ಗ, ನಿದ್ದೆ ಬಿಡಬೇಕಾದವರು ತಾವೇ ಎಂದು ಚಾಲಕರು ಕೇಳಿದರೆ ಅವರಿಗೆ ಏನೆಂದು ಉತ್ತರ ಹೇಳೋಣ?