ಮನೆಯೇ ಮೊದಲ ಮದ್ದು

(ದುಬಾರೆಯಲ್ಲಿ ಸೇರಿದ್ದ ಕೆಲಸಗಾರರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)

ಕಾವೇರಿ ದಂಡೆಯ ಈ ದುಬಾರೆಗೆ ಜನ ಆನೆ ನೋಡಲು ಬರುತ್ತಾರೆ. ನಾವು ಇಂದು ಸೇರಿರುವುದು ಮನುಷ್ಯರ ವಿಚಾರ ಮಾತಾಡಲು.

ಇಲ್ಲಿನ ಮಾವುತರು, ಕಾವಾಡಿಗಳಲ್ಲಿ ಬಹುಮಂದಿ ಜೇನುಕುರುಬರು. ದಸರೆ ಬಂತೆಂದರೆ ಆನೆಗಳ ಜೊತೆಗೆ ಹೆಂಡಿರು ಮಕ್ಕಳನ್ನೂ ಕಟ್ಟಿಕೊಂಡು ಮೈಸೂರಿಗೆ ಹೋಗುತ್ತಾರೆ. ಅರಮನೆಯ ಆವರಣದಲ್ಲಿ ಅವರ ಬಿಡಾರ. ಅಲ್ಲಿ ಆನೆಗಳನ್ನು ತೂಗುತ್ತಾರೆ. ಯಾವ ಆನೆ ಎಷ್ಟು ಕಿಲೋ ಎಂಬುದು ಪತ್ರಿಕೆಗಳಲ್ಲಿ ಬರುತ್ತದೆ. ಮಕ್ಕಳಿಗೆ ಟೆಂಟಿನಲ್ಲೇ ಶಾಲೆ ನಡೆಯುತ್ತದೆ, ವೈದ್ಯರೂ ಬಂದು ನೋಡುತ್ತಾರೆ. ಒಳ್ಳೆಯ ಕೆಲಸ, ನಾವು ಹಳಿಯುವುದಿಲ್ಲ. ಆದರೆ ಇದರಿಂದ ಒಂದು ಮಾತು ರುಜುವಾತಾಯಿತು. ಬಿಡಾರದಲ್ಲಿ ಬಾಳುವವರ ಬಳಿಗೆ ಶಾಲೆಯನ್ನೂ ಮದ್ದನ್ನೂ ಒಯ್ಯುವುದು ಸರಕಾರಕ್ಕೆ ಗೊತ್ತಿದೆ. ಹಾಗಾದರೆ ಮಿಕ್ಕ ಬಿಡಾರಗಳ ಪಾಡೇನು?

ಇದೇ ಕೊಡಗಿನ ದಿಡ್ಡಳ್ಳಿಯನ್ನು ನೆನೆಯಿರಿ. ಕಾಫಿ ತೋಟಗಳ ಲೈನ್ ಮನೆಗಳಲ್ಲಿ ತಲೆಮಾರುಗಳಿಂದ ದುಡಿದ ಆದಿವಾಸಿಗಳು ಸ್ವಂತದ್ದೊಂದು ಸೂರು ಬೇಕೆಂದು ಅಲ್ಲಿ ಗುಡಿಸಲು ಹಾಕಿದ್ದರು. ಲೈನ್ ಮನೆ ಎಂದರೆ ಕೆಲಸ ಇರುವ ತನಕ ಮನೆ. ಮೈ ಬಗ್ಗದ ದಿನ ಕೆಲಸವೂ ಇಲ್ಲ, ಮನೆಯೂ ಇಲ್ಲ. 2016ರ ಡಿಸೆಂಬರಿನ ಚಳಿಯಲ್ಲಿ 577 ಕುಟುಂಬಗಳ ಗುಡಿಸಲುಗಳನ್ನು ಕೆಡವಲಾಯಿತು. ಮುದುಕರು, ಬಾಣಂತಿಯರು, ಕೂಸುಗಳು ಬಯಲಿಗೆ ಬಿದ್ದರು. ಅವರು ಜಾಗ ಬಿಟ್ಟು ಕದಲಲಿಲ್ಲ, ಹೋರಾಡಿದರು. ಆ ಮೇಲೆ ಸರಕಾರ ಕುಶಾಲನಗರದ ಕಡೆಯ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ನೆಲೆ ಕೊಡಬೇಕಾಯಿತು. ಕೇಳಿದ್ದರಿಂದ ಸಿಕ್ಕಿತು, ಕರುಣೆಯಿಂದಲ್ಲ.

ಸೂರಿಗೂ ರೋಗಕ್ಕೂ ಏನು ಸಂಬಂಧವೆಂದು ಕೆಲವರು ಕೇಳುತ್ತಾರೆ. ಆದಿವಾಸಿಗಳಲ್ಲಿ ಕಾಣುವ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯನ್ನೇ ತೆಗೆದುಕೊಳ್ಳಿ. ಅದು ಹುಟ್ಟಿನಿಂದ ಬರುವಂಥದು. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ, ನರನರದಲ್ಲಿ ನೋವು ಹಿಡಿಯುತ್ತದೆ. ಮೈ ಬೆಚ್ಚಗಿರಲಿ, ನೀರು ಚೆನ್ನಾಗಿ ಕುಡಿಯಿರಿ ಎನ್ನುತ್ತಾರೆ ವೈದ್ಯರು. ಏಕೆಂದರೆ ಚಳಿ ತಾಗಿದರೆ, ಮೈಯ ನೀರು ಬತ್ತಿದರೆ ನೋವು ಕೆರಳುತ್ತದೆ. ಇದನ್ನು ತೊಲಗಿಸಲು 2023ರಲ್ಲಿ ಕೇಂದ್ರ ಸರಕಾರ ದೊಡ್ಡ ಯೋಜನೆಯನ್ನೇ ಹೂಡಿತು, 2047 ಗುರಿಯೆಂದಿತು. ರಕ್ತ ಪರೀಕ್ಷೆ ಬೇಕು, ಮಾತ್ರೆ ಬೇಕು. ಆದರೆ ಕೊಡಗಿನ ಜಡಿಮಳೆಯಲ್ಲಿ ಟಾರ್ಪಾಲಿನ ಕೆಳಗೆ ಮಲಗುವ ಮಗುವನ್ನು ಬೆಚ್ಚಗಿಡುವ ಮಾತ್ರೆ ಯಾವುದು?

ಇನ್ನು ಪಟ್ಟಣಗಳ ಕಡೆ ಬನ್ನಿ. 2011ರ ಜನಗಣತಿಯಲ್ಲಿ ಮನೆಯಿಲ್ಲದವರನ್ನು ಒಂದೇ ರಾತ್ರಿಯಲ್ಲಿ ಎಣಿಸಿದರು. ದೇಶದಲ್ಲಿ 17 ಲಕ್ಷ 70 ಸಾವಿರಕ್ಕೂ ಮೇಲೆ ಬಂದರು. ಅರ್ಧಕ್ಕಿಂತ ಹೆಚ್ಚು ಮಂದಿ ಪಟ್ಟಣಗಳಲ್ಲಿ. ಸೇತುವೆಯ ಕೆಳಗೆ, ರೈಲು ನಿಲ್ದಾಣದಲ್ಲಿ, ಅಂಗಡಿಯ ಜಗಲಿಯಲ್ಲಿ ಮಲಗುವವರು ಇವರು. ನಮ್ಮ ಕಟ್ಟಡ ಕಟ್ಟುವವರು, ಮೂಟೆ ಹೊರುವವರು, ಚಿಂದಿ ಆಯುವವರು ಎಷ್ಟೋ ಮಂದಿ ಇವರೊಳಗೇ ಇದ್ದಾರೆ.

ಇಂಥವನೊಬ್ಬನಿಗೆ ಕ್ಷಯ ಬಂತೆನ್ನಿ. ಮದ್ದು ಬಿಟ್ಟಿ, ನಿಜ. ಸಾಮಾನ್ಯವಾಗಿ ಆರು ತಿಂಗಳು ಒಂದು ದಿನವೂ ತಪ್ಪದೆ ನುಂಗಬೇಕು. ಪುಷ್ಟಿ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು, 2024ರ ನವೆಂಬರಿನಿಂದ 1000 ಮಾಡಿದರು. ಅದು ಬ್ಯಾಂಕಿನ ಖಾತೆಗೆ ಬರುತ್ತದೆ. ಖಾತೆಗೆ ಕಾಗದ ಬೇಕು, ಕಾಗದಕ್ಕೆ ವಿಳಾಸ ಬೇಕು. ರಾತ್ರಿ ಪೊಲೀಸರು ಎಬ್ಬಿಸಿ ಓಡಿಸಿದರೆ ಗಂಟು ಹೋಯಿತು, ಗಂಟಿನಲ್ಲಿದ್ದ ಮಾತ್ರೆಯೂ ಹೋಯಿತು. ಅರ್ಧಕ್ಕೆ ಬಿಟ್ಟ ಕ್ಷಯ ಮತ್ತೆ ಏಳುವಾಗ ಮದ್ದಿಗೂ ಬಗ್ಗದಂತೆ ಏಳಬಹುದು. ಸಕ್ಕರೆ ಕಾಯಿಲೆಯವನ ಇನ್ಸುಲಿನ್ ತಂಪಿನಲ್ಲಿರಬೇಕು; ಅವನಲ್ಲಿ ಗಡಿಗೆಯೂ ಇಲ್ಲ, ಗಡಿಗೆ ಇಡಲು ಮೂಲೆಯೂ ಇಲ್ಲ. ಗಾಯ ಒದ್ದೆಯಾಗಬಾರದು ಎಂದು ಹೇಳಿ ಆಸ್ಪತ್ರೆಯಿಂದ ಕಳಿಸುತ್ತಾರೆ. ಕಳಿಸುವುದು ಎಲ್ಲಿಗೆ? ಚರಂಡಿಯ ಪಕ್ಕಕ್ಕೆ!

1848ರಲ್ಲಿ ಪ್ರಶ್ಯದ ಸರಕಾರ ಫಿರ್ಕೋ ಎಂಬ ತರುಣ ವೈದ್ಯನನ್ನು ಅಪ್ಪರ್ ಸೈಲೀಸಿಯಾದ ಜ್ವರದ ಬೇನೆ ನೋಡಿ ಬರಲು ಕಳಿಸಿತು. ಮದ್ದಿನ ಪಟ್ಟಿ ತರುವನೆಂದು ಕಾದವರ ಮುಂದೆ ಅವನು ಇಟ್ಟದ್ದು ಬೇರೆ ಪಟ್ಟಿ: ಜನರಿಗೆ ಅಧಿಕಾರ, ವಿದ್ಯೆ, ಹೊಟ್ಟೆಗೆ ದಾರಿ. ನಾವು ಹೇಳುವುದೂ ಇದನ್ನೇ.

ಮಿಲ್ಲಿನ ಬಂಧುಗಳೇ, ಇಎಸ್ಐ ಕಾಯಿದೆ 1948ರಲ್ಲಿ ಬಂತು. ನಿಮ್ಮ ಜೇಬಿನ ಆ ಚೀಟಿ ಸಂಘಟನೆಯ ಬಲದಿಂದ ಉಳಿದದ್ದು. ಆದರೆ ಮಿಲ್ಲಿಗೆ ಬೀಗ ಬಿದ್ದರೆ ಆ ಚೀಟಿ ಎಷ್ಟು ದಿನ? ಬಾಡಿಗೆ ಎಷ್ಟು ತಿಂಗಳು? ಬೀದಿಗೂ ನಮಗೂ ನಡುವೆ ಇರುವುದು ಕೆಲವೇ ಸಂಬಳಗಳು. ವ್ಯಾಪಾರಿ ಮಿತ್ರರೇ, ಬೆಳಗ್ಗೆ ಬಾಗಿಲು ತೆಗೆಯುವಾಗ ಜಗಲಿಯಲ್ಲಿ ಮಲಗಿದವನು ನಿಮಗೆ ತೊಂದರೆಯೇ ಇರಬಹುದು. ಅವನನ್ನು ಓಡಿಸಿದರೆ ಮುಂದಿನ ಅಂಗಡಿಯ ಜಗಲಿಗೆ ಹೋಗುತ್ತಾನೆ, ಅವನ ಕೆಮ್ಮೂ ಹೋಗುತ್ತದೆ. ಕ್ಷಯ ಗಾಳಿಯಲ್ಲಿ ಬರುವ ರೋಗ. ಅದು ಲೈಸೆನ್ಸು ನೋಡಿ ಒಳಗೆ ಬರುವುದಿಲ್ಲ. ಓಡಿಸಿರೆಂದು ಅರ್ಜಿ ಕೊಡುವ ಬದಲು ಅವನಿಗೊಂದು ವಸತಿ ಕಟ್ಟಿರೆಂದು ಪುರಸಭೆಗೆ ಅರ್ಜಿ ಕೊಡಿ.

ನಾವು ಕೇಳುವುದು ಹೆಚ್ಚೇನಲ್ಲ. ಒಂದು, ದೊಡ್ಡ ಪಟ್ಟಣಗಳಲ್ಲಿ ಲಕ್ಷ ಜನಕ್ಕೊಂದು ರಾತ್ರಿ ವಸತಿ ಬೇಕೆಂದು ಸುಪ್ರೀಂ ಕೋರ್ಟು 2010ರಲ್ಲೇ ಹೇಳಿದೆ. ಅದು ಎಲ್ಲ ಪಟ್ಟಣಗಳಲ್ಲೂ ನಿಲ್ಲಲಿ, ಅಲ್ಲಿಗೆ ವಾರ ವಾರ ದಾದಿ ಬರಲಿ, ಆಸ್ಪತ್ರೆಯಿಂದ ಹೊರಟವನು ಮೈ ಸುಧಾರಿಸುವ ತನಕ ಮಲಗಲು ಹಾಸಿಗೆಯಿರಲಿ. ಎರಡು, ವಿಳಾಸವಿಲ್ಲವೆಂದು ಯಾರಿಗೂ ಮದ್ದು, ಹಣ ತಪ್ಪದಿರಲಿ. ಮೂರು, ಬೇರೆ ನೆಲೆ ತೋರಿಸದೆ ಯಾರ ಗುಡಿಸಲನ್ನೂ ಕೀಳದಿರಲಿ. ನಾಲ್ಕು, 2006ರ ಅರಣ್ಯ ಹಕ್ಕು ಕಾಯಿದೆಯಂತೆ ಹಾಡಿಗಳಿಗೆ ಹಕ್ಕುಪತ್ರ ಸಿಗಲಿ, ಲೈನ್ ಮನೆಯವರಿಗೆ ನಿವೇಶನ ಸಿಗಲಿ.

ದಸರೆಗೆ ಆನೆ ಎಷ್ಟು ತೂಗಿತೆಂದು ನಾಡೆಲ್ಲ ಓದುತ್ತದೆ. ಹಾಡಿಯ ಕೂಸು, ಬೀದಿಯ ಕೂಸು ಎಷ್ಟು ತೂಗುತ್ತದೆಂದು ಕೇಳುವವರು ನಾವಾಗೋಣ. ಊರಿಗೆ ಹಿಂತಿರುಗಿ ನಿಮ್ಮ ಸಂಘದ ಮುಂದಿನ ಸಭೆಯಲ್ಲೇ ಈ ನಾಲ್ಕು ಬೇಡಿಕೆಗಳನ್ನು ಠರಾವು ಮಾಡಿ, ಪುರಸಭೆಯ ಸದಸ್ಯರ ಕೈಗೆ ಕೊಡಿ. ಉತ್ತರ ಬರುವ ತನಕ ಬಿಡಬೇಡಿ.